ಪಾದ್ರಿಯ ಹೆಂಡತಿ ಕ್ಷಮಿಸಲಿಲ್ಲ

ಪಾದ್ರಿ ಮತ್ತು ಅವನ ಹೆಂಡತಿ ಆ ಕೇರಿಗೆ ಬಂದದ್ದು ಮದುವೆಯಾದ ಮೂರನೇ ವಾರ. ಅವನ ಕೈಯಲ್ಲಿ ಬೈಬಲು, ಅವಳ ಕೈಯಲ್ಲಿ ಔಷಧಿಯ ಡಬ್ಬಿ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿ, ಒಲೆಯ ಮೇಲೆ ಕತ್ತರಿ ಚಿಮಟ ಕುದಿಸಿ, ಅವಳು ಕುಷ್ಠರೋಗಿಗಳ ಗಾಯ ತೊಳೆಯಲು ಕುಳಿತಳು. ಜನ ಅವಳನ್ನು ನರ್ಸಮ್ಮ ಎಂದರು. ಪಟ್ಟಿ ಕಟ್ಟುವ ಮೊದಲು ಗಂಡನದು ಪ್ರಾರ್ಥನೆ. ಅದು ಉದ್ದವಾದಾಗ ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಅಯ್ಯನೋರು ಆಮೆನ್ ಅನ್ನೋಷ್ಟರಲ್ಲಿ ಗಾಯ ತಾನೇ ಒಣಗುತ್ತೆ,” ಎನ್ನುತ್ತಿದ್ದಳು. ಮೊದಲು ನಗುತ್ತಿದ್ದವಳು ನರ್ಸಮ್ಮನೇ.

ನಾಲ್ಕನೇ ವರ್ಷ ಅವರ ಮಗಳಿಗೆ, ಇನ್ನೂ ಎರಡು ತುಂಬದ ಕೂಸಿಗೆ, ವಾಂತಿಭೇದಿ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದವು. ದೊಡ್ಡಾಸ್ಪತ್ರೆಗೆ ಎರಡು ಗಂಟೆಯ ದಾರಿ. ಮಿಷನ್ನಿನ ಜೀಪು ಶೆಡ್ಡಿನಲ್ಲಿತ್ತು. ಶೆಡ್ಡಿನ ಕೀಲಿ ಚರ್ಚಿನ ಸಭೆಯ ಹಿರಿಯನ ಹತ್ತಿರ. ಹಿರಿಯನೆಂದರೆ ಮರ ಕೊಯ್ಯುವ ಮಿಲ್ಲಿನ ಯಜಮಾನ. ಗಂಡ ಓಡಿಹೋಗಿ ಕೇಳಿ ಬರಿಗೈಯಲ್ಲಿ ಬಂದ.

“ನಾಳೆ ಬಿಷಪ್ಪರನ್ನ ಕರ್ಕೊಂಡು ಬರಕ್ಕೆ ಬೇಕಂತೆ. ಬಸ್ಸಲ್ಲಿ ಹೋಗಿ ಅಂದ್ರು.”

ಬಸ್ಸಿಗೆ ಮುಕ್ಕಾಲು ಗಂಟೆ ಕಾದರು. ಅರ್ಧ ದಾರಿಯಲ್ಲಿ ಕೂಸು ಮಡಿಲಲ್ಲೇ ತಣ್ಣಗಾಯಿತು. ಪಕ್ಕದ ಸೀಟಿನ ಹೆಂಗಸು, “ನಿದ್ದೆ ಬಂತಾ ಪಾಪುಗೆ?” ಎಂದು ಕೇಳಿದಳು. ನರ್ಸಮ್ಮ ಹೂಂಗುಟ್ಟಿದಳು.

ಮಣ್ಣು ಮಾಡಿದ ದಿನ ಹಿರಿಯನೂ ಬಂದಿದ್ದ. ಪಾದ್ರಿ ಅವನ ಎರಡೂ ಕೈ ಹಿಡಿದು, “ನಾವು ಕ್ಷಮಿಸಿದೀವಿ ಅಣ್ಣ, ನಾವಿಬ್ರೂ,” ಎಂದ. ಅವಳ ಮೈಯೆಲ್ಲ ಉರಿದುಹೋಯಿತು. ಅವಳನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಮಕ್ಕಳಾಗಲಿಲ್ಲ. ಕೆಲಸ ಮಾತ್ರ ಬೆಳೆಯಿತು. ನೆರೆ ಬಂದಾಗ ಗಂಡಹೆಂಡಿರು ಶಾಲೆಯ ಅಂಗಳದಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡಿ ಬಡಿಸಿದರು. ರೋಗಿಗಳ ಹೆಣ್ಣುಮಕ್ಕಳಿಗೆ ಅವಳು ಸೂಜಿಮದ್ದು ಕೊಡುವುದನ್ನು ಕಲಿಸಿದಳು. ಹಿರಿಯನ ಮೊಮ್ಮಕ್ಕಳಿಗೂ ಲಸಿಕೆ ಹಾಕಿದಳು. ಆದರೆ ತಿಂಗಳಿಗೊಮ್ಮೆ ಪ್ರಭುಭೋಜನದ ದ್ರಾಕ್ಷಾರಸದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದವನು ಅದೇ ಹಿರಿಯ. ಅವನು ಎದುರಿಗೆ ಬಂದಾಗ ಅವಳು ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೇ ನೋಡಿದಳು. ಅವಳಿಗೆ ದ್ರಾಕ್ಷಾರಸ ಆಗಿಬರುವುದಿಲ್ಲವೆಂದು ಸಭೆಯವರು ತಿಳಿದುಕೊಂಡರು.

ಕೊನೆಗೊಮ್ಮೆ ಹತ್ತು ಹಾಸಿಗೆಯ ಆಸ್ಪತ್ರೆ ಎದ್ದು ನಿಂತಿತು. ಮರಮುಟ್ಟೆಲ್ಲ ಹಿರಿಯನ ಮಿಲ್ಲಿನದು. ಅವನ ಹೆಸರನ್ನೇ ಇಡಬೇಕೆಂದು ಕಮಿಟಿ ತೀರ್ಮಾನಿಸಿತು. ಬಿನ್ನವತ್ತಳೆ ಬರೆದವನು ಪಾದ್ರಿ.

“ಹೆಸರಿನ ಕಲ್ಲಿನ ಮೇಲಿನ ಬಟ್ಟೆ ನೀನೇ ಸರಿಸ್ಬೇಕಂತೆ. ಒಂದೆರಡು ಮಾತೂ ಆಡ್ಬೇಕಂತೆ,” ಎಂದ.

“ಆಡ್ತೀನಿ,” ಎಂದಳು.

ಮೂರು ದಿನ ಅವಳು ಗುನುಗುತ್ತಾ ಬ್ಯಾಂಡೇಜು ಸುತ್ತಿದಳು. ಹೆಂಡತಿಯ ಮನಸ್ಸು ಕರಗಿತೆಂದು ಪಾದ್ರಿ ದೇವರಿಗೆ ಸ್ತೋತ್ರ ಹೇಳಿದ.

ಆ ಬೆಳಿಗ್ಗೆ ಅಂಗಳ ತುಂಬಿತ್ತು. ಹಿರಿಯ ಮುಂದಿನ ಕುರ್ಚಿಯಲ್ಲಿ ಊರುಗೋಲು ಹಿಡಿದು ಕುಳಿತಿದ್ದ. ಅವಳು ಬಟ್ಟೆ ಮುಟ್ಟಲಿಲ್ಲ.

“ಇವರ ಹೆಸರು ಇಡ್ತಿದೀರಿ, ಇಡಿ. ಕೆಳಗೆ ನನ್ನ ಮಗಳ ಹೆಸರೂ ಕೆತ್ಸಿ. ಜೀಪಿತ್ತು, ಕೀಲಿ ಇವರ ಜೇಬಲ್ಲಿತ್ತು, ಕೂಸು ಬಸ್ಸಲ್ಲಿ ಸತ್ತೋಯ್ತು ಅಂತ ಬರೀರಿ. ನನ್ನ ಗಂಡ ಕ್ಷಮಿಸಿದ್ರು. ನಾನು ಕ್ಷಮಿಸಿಲ್ಲ. ಯಾರೂ ನನ್ನ ಕೇಳ್ಲೂ ಇಲ್ಲ.”

ಹಿರಿಯ ನಿಧಾನವಾಗಿ ಎದ್ದ. ಸುಳ್ಳೆನ್ನುತ್ತಾನೆಂದು ಅವಳು ಕಾದಿದ್ದಳು; ಅದಕ್ಕೂ ಉತ್ತರ ಸಿದ್ಧವಿತ್ತು.

“ಬಿಷಪ್ಪರು ಬರ್ಬೇಕಿದ್ದದ್ದು ಮಾರನೇ ದಿನ ಸಂಜೆ,” ಎಂದ ಅವನು. “ಅಷ್ಟರಲ್ಲಿ ಜೀಪು ಹೋಗಿ ಬರ್ತಿತ್ತು. ತೊಳೆಸಿ ಇಟ್ಟಿದ್ದೆ. ಮಗು ವಾಂತಿ ಮಾಡ್ಕೊಂಡ್ರೆ ಸೀಟು ಗಲೀಜಾಗುತ್ತೆ ಅಂತ ಕೊಡ್ಲಿಲ್ಲ.”

ಅವನ ಸೊಸೆ ಮುಖ ಮುಚ್ಚಿಕೊಂಡಳು. ನರ್ಸಮ್ಮನಿಗೆ ಕನಿಕರ ಬರಲಿಲ್ಲ. ಸೀಟಿಗಾಗಿ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ವರ್ಷ ಕಾಯುತ್ತಿರಲಿಲ್ಲ. ಕುರ್ಚಿಗಳ ನಡುವೆ ಅವನೊಬ್ಬನೇ ಕೋಲೂರಿಕೊಂಡು ಹೊರಗೆ ಹೋಗುವುದನ್ನು ಅವಳು ಗೇಟಿನವರೆಗೂ ಕಣ್ತುಂಬ ನೋಡಿದಳು. ಆಸ್ಪತ್ರೆ ಯಾರ ಹೆಸರೂ ಇಲ್ಲದೆ ತೆರೆಯಿತು.

ಪಾದ್ರಿ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಅವಳು ಚಿಮಟ ಕುದಿಸುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತ.

“ಶೆಡ್ಡಿನ ಬೀಗ ಒಡೀಬೇಕಿತ್ತು ನಾನು,” ಎಂದ. “ಒಂದು ಕಲ್ಲು ಸಾಕಾಗಿತ್ತು. ಅವರನ್ನ ಬೇಗ ಕ್ಷಮಿಸಿಬಿಟ್ರೆ ನಂದೂ ಅದರಲ್ಲೇ ಮುಚ್ಚಿಹೋಗುತ್ತೆ ಅನ್ಕೊಂಡೆ.”

ಅವಳು ಒಲೆ ಆರಿಸಿ ಅವನತ್ತ ತಿರುಗಿದಳು. ಸಮಾಧಾನದ ಮಾತು ಅವಳಿಗೆ ಗೊತ್ತಿಲ್ಲದ್ದೇನಲ್ಲ. ದಿನಕ್ಕೆ ಮೂವತ್ತು ಜನಕ್ಕೆ ಹೇಳುವವಳು.

“ಹೌದು,” ಎಂದಳು. “ಒಡೀಬೇಕಿತ್ತು.”

ಅವನು ತಲೆಯಾಡಿಸಿ ಒಳಗೆ ಬಂದು, ಬೆಂಚು ಒರೆಸಿ, ಮೊದಲನೆಯ ರೋಗಿಯನ್ನು ಕರೆದ.

ಮರುವರ್ಷ ಹಿರಿಯ ತೀರಿಕೊಂಡ. ಪಾದ್ರಿಯೇ ನಿಂತು ಮಣ್ಣು ಮಾಡಿಸಿದ. ನರ್ಸಮ್ಮ ಹೋಗಲಿಲ್ಲ. ಕರೆಯಲು ಬಂದವರಿಗೆ ಹನ್ನೊಂದು ಜನ ಕುಳಿತಿದ್ದ ಬೆಂಚು ತೋರಿಸಿ, ಹತ್ತಿಯ ಉಂಡೆ ಬಿಚ್ಚತೊಡಗಿದಳು.