ಸ್ಟೆಪ್ನಿಯ ಕೋಟು

ನಮ್ಮ ಓಣಿಯವರಿಗೆ ಚಳಿಯಾಗುವುದಿಲ್ಲ. ಇದು ಜಂಬದ ಮಾತಲ್ಲ, ಕಣ್ಣಾರೆ ಕಂಡದ್ದು. ಬೇರೆ ಕಡೆ ಚಳಿಗಾಲ ಬಂದರೆ ಜನ ನಡುಗುತ್ತಾರೆ. ನಮ್ಮಲ್ಲಿ ಚಳಿಗಾಲವೇ ಓಣಿಯ ತುದಿಯಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ನಡುಗುತ್ತದೆ. ಜಿಟಿಜಿಟಿ ಮಳೆ ಹಿಡಿದು, ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರದ ಎರಡು ಮುಳ್ಳುಗಳು ಒಂದನ್ನೊಂದು ತಬ್ಬಿಕೊಂಡು ಸಂಜೆಯವರೆಗೂ ಬಿಡಲೊಲ್ಲೆ ಎನ್ನುವಂಥ ದಿನಗಳಲ್ಲೂ ನಾವು ಎದೆ ಸೆಟೆಸಿ ಅಂಗಡಿ ಬಾಗಿಲು ತೆಗೆದವರು. ಇಂಥ ಓಣಿಯಲ್ಲಿ ಒಬ್ಬಳು ನಾಯಿಗೆ ಕೋಟು ಹೊಲಿಯಲು ಹೊರಟಳು ಅಂದರೆ ನಮಗೆಲ್ಲ ಎಷ್ಟು ಅವಮಾನವಾಗಿರಬೇಡ, ನೀವೇ ಹೇಳಿ.

ಅವಳು ಸೀಟಕ್ಕ. ಸ್ಕೂಟರು, ಬೈಕು, ಕಾರು, ವ್ಯಾನು, ಮನುಷ್ಯ ಕೂರುವ ಜಾಗ ಎಲ್ಲಿದ್ದರೂ ಅದಕ್ಕೆ ಕವರು ಹೊಲಿಯುವವಳು. ಅವಳು ಹಾಕಿದ ಹೊಲಿಗೆ ಬಿಚ್ಚಬೇಕಾದರೆ ಮೊದಲು ಗಾಡಿಯನ್ನೇ ಬಿಚ್ಚಬೇಕು, ಅಷ್ಟು ಗಟ್ಟಿ. ಅಪ್ಪನ ಬೆರಳುಗಳು ಸೆಟೆದು ಸೂಜಿ ಹಿಡಿಯಲಾಗದೆ ಹೋದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತ, ಇವಳು ಮಷೀನಿನ ಮುಂದೆ ಕೂತಳು. ಇಬ್ಬರೂ ಇನ್ನೂ ಎದ್ದಿಲ್ಲ. ನಡುವೆ ಒಮ್ಮೆ ಮದುವೆಯಾಗಿ ಹೋಗಿದ್ದಳು. ಅತ್ತೆ, "ನಮ್ಮನೇಲಿ ಸೊಸೆಯಂದಿರು ಕಂಡವರ ಗಾಡಿ ಸೀಟು ಮುಟ್ಟೋದಿಲ್ಲ" ಎಂದರಂತೆ. "ಹಾಗಾದ್ರೆ ನಿಮ್ಮ ಮಗ ನಿಂತ್ಕೊಂಡೇ ಗಾಡಿ ಓಡಿಸಲಿ" ಎಂದು ಟ್ರಂಕು ಎತ್ತಿಕೊಂಡು ಬಂದವಳು, ಕಾಲು ಕೂಡ ತೊಳೆಯದೆ ಮಷೀನಿಗೆ ಎಣ್ಣೆ ಬಿಟ್ಟಳು. ಗಂಡನನ್ನು ಬಿಟ್ಟದ್ದಕ್ಕೆ ಯಾರಾದರೂ ಅಯ್ಯೋ ಎಂದರೆ, "ಬಿಟ್ಟಿಲ್ಲ, ಇಳಿಸಿದೀನಿ" ಅನ್ನುತ್ತಾಳೆ.

ಅವರದು ಅಂಗಡಿಯ ಹಿಂದೆಯೇ ಮನೆ, ಎದುರಿಗೇ ನನ್ನ ಅಂಗಡಿ. ಬೀಗ ರಿಪೇರಿ ನನ್ನ ಕಸುಬಾದ್ದರಿಂದ ಎಲ್ಲರೂ ನನ್ನನ್ನು ಬೀಗರೇ ಎಂದು ಕರೆಯುತ್ತಾರೆ. ಹೆಣ್ಣು ಕೊಡದೆ, ಗಂಡು ತರದೆ ಇಡೀ ಓಣಿಗೆ ಬೀಗನಾದವನು ನಾನೊಬ್ಬನೇ ಇರಬೇಕು. ಅಂಗಡಿಯಲ್ಲಿ ಕೂತರೆ ಅವರ ಮನೆಯ ಜಗಳವೆಲ್ಲ ಮುಂದಿನ ಸಾಲಿನಲ್ಲಿ ಕೂತು ನೋಡಿದ ಹಾಗೆ.

ಇನ್ನು ಸ್ಟೆಪ್ನಿ. ಪಕ್ಕಕ್ಕೆ ಸೈಡ್‌ಕಾರಿನ ತೊಟ್ಟಿಲಿರುವ ಹಳೇ ಕಾಲದ ಸ್ಕೂಟರೊಂದನ್ನು ಯಾರೋ ಕವರಿಗೆ ಬಿಟ್ಟು ಹೋಗಿದ್ದರು. ತೊಟ್ಟಿಲಲ್ಲಿ ಒಂದು ನಾಯಿಮರಿ ಮಲಗಿತ್ತು. ಗಿರಾಕಿ ಬಂದು ಸ್ಕೂಟರು ತೆಗೆದುಕೊಂಡು ಹೋದ. ಮರಿಯನ್ನು ನೋಡಿ, "ಇದು ನಮ್ಮದಲ್ಲ, ನಿಮ್ಮದೇ ಇರಬೇಕು" ಎಂದ. ಗಾಡಿಯ ಹೆಚ್ಚುವರಿ ಚಕ್ರದ ಹಾಗೆ ಉಳಿದದ್ದರಿಂದ ಸೀಟಕ್ಕ ಅದಕ್ಕೆ ಸ್ಟೆಪ್ನಿ ಎಂದು ಹೆಸರಿಟ್ಟಳು. ಈಗದಕ್ಕೆ ಮೂತಿಯೆಲ್ಲ ಬೆಳ್ಳಗಾಗಿದೆ. ಸಣಕಲು ಜೀವ. ಮೈಮೇಲೆ ಕೂದಲು ಹೆಸರಿಗೆ ಮಾತ್ರ, ಹೊಟ್ಟೆಯ ಕಡೆ ಆ ಹೆಸರೂ ಇಲ್ಲ. ಮಷೀನಿನ ಪೆಡಲ್ಲಿನ ಪಕ್ಕದಲ್ಲೇ ಅದರ ಠಿಕಾಣಿ. ಅವಳು ಕಾಲಾಡಿಸುವುದನ್ನು ನಿಲ್ಲಿಸಿದರೆ ಕಣ್ಣು ತೆರೆಯುತ್ತದೆ, ಶುರುಮಾಡಿದರೆ ನಿದ್ದೆ ಹೋಗುತ್ತದೆ.

ಆ ಸಲ ಚಳಿ ಮತ್ತು ಮಳೆ ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ಬಂದಿದ್ದರು. ಸ್ಟೆಪ್ನಿ ಹೊಸ್ತಿಲಿಗೆ ಬಂದು ಒಂದು ಕಾಲು ಹೊರಗಿಟ್ಟು, ಬೆಂಕಿ ಮುಟ್ಟಿದ ಹಾಗೆ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ಎಳೆದೊಯ್ದರೆ ಬೆನ್ನು ಬಿಲ್ಲಾಗಿಸಿ, ಬಾಲವನ್ನು ಹೊಟ್ಟೆಯೊಳಗೆ ಸೇರಿಸಿಕೊಂಡು, ನೋಡಿದವರಿಗೆ ಎರಡು ನಾಯಿ ಕಾಣಿಸುವಷ್ಟು ನಡುಗುತ್ತಿತ್ತು. ಬಂದ ಕೆಲಸ ಮರೆತು ಮನೆ ಕಡೆ ಓಟ. ಕೆಲಸ ಬಿಡುತ್ತದೆಯೇ? ಒಳಗೇ ಆಗುತ್ತಿತ್ತು. ಒಂದು ಬೆಳಗ್ಗೆ ಯಾರದೋ ಕಾರಿಗೆಂದು ಕತ್ತರಿಸಿ ಹಾಸಿದ್ದ ಹೊಸ ರೆಕ್ಸಿನ್ನಿನ ನಟ್ಟನಡುವೆ ಆಯಿತು.

ಅಣ್ಣನ ಕೂಗಿಗೆ ನನ್ನ ಅಂಗಡಿಯಲ್ಲಿದ್ದ ಬೀಗಗಳೆಲ್ಲ ತಾವಾಗಿ ತೆರೆದುಕೊಂಡವು.

"ನೋಡೇ, ಕಿವಿ ತೆರೆದು ಕೇಳು! ಇನ್ನೊಂದು ಹನಿ ಒಳಗೆ ಬಿತ್ತೋ, ಇದನ್ನ ಮರದ ಡಿಪೋಗೆ ಬಿಟ್ಟು ಬರ್ತೀನಿ. ಅಲ್ಲಿ ಕಾವಲಿಗೆ ಬೇಕಂತೆ."

ಡಿಪೋ ಗೊತ್ತಿತ್ತು ಎಲ್ಲರಿಗೂ. ಊರಾಚೆಯ ಬಯಲು. ಅಲ್ಲಿ ನಾಯಿಗಳನ್ನು ಹೊರಗೆ ಗೂಟಗಳಿಗೆ ಕಟ್ಟುತ್ತಾರೆ. ಮೇಲೆ ಸೂರು ಇರುವುದು ದಿಮ್ಮಿಗಳಿಗೆ ಮಾತ್ರ.

"ಅದಕ್ಕೆ ಚಳಿ ಅಣ್ಣಾ. ಚಳಿಯಾದ್ರೆ ಹೊರಗೆ ಹೇಗೆ ಹೋಗತ್ತೆ? ಕೋಟು ಹೊಲೀತೀನಿ. ಆಮೇಲೆ ಹೋಗತ್ತೆ."

ಅಷ್ಟು ಹೊತ್ತಿಗೆ ನಮ್ಮ ಓಣಿಯ ಬೇಕರಿ ಯಜಮಾನರೂ ಬಂದಿದ್ದರು, ನಾನೂ ಬೀದಿ ದಾಟಿ ಬಂದಿದ್ದೆ. ಜಗಳ ನಡೆಯುವಾಗ ದೂರ ಕೂರುವುದು ಮರ್ಯಾದೆಯಲ್ಲ.

"ನಾಯಿಗೆ ಕೋಟಾ?" ಬೇಕರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಮೇಲೆ ಟೈ ಕಟ್ಟಿ ಆಫೀಸಿಗೆ ಕಳಿಸು ಸೀಟಕ್ಕಾ! ನಾಯಿಗೆ ದೇವರು ಹುಟ್ಟುವಾಗಲೇ ಕೋಟು ಹಾಕಿ ಕಳಿಸಿರ್ತಾನಮ್ಮ."

"ನಿಮ್ಮನ್ನೂ ಚರ್ಮ ಹಾಕೇ ಕಳಿಸಿದಾನಲ್ಲ?" ಎಂದಳು. "ಬಿಚ್ಚಿ ಮತ್ತೆ, ಆ ಮಂಕಿ ಕ್ಯಾಪು."

ಬೇಕರಿಯವರ ಮುಖದಲ್ಲಿ ಹೊರಗೆ ಕಾಣುತ್ತಿದ್ದುದು ಮೂಗೊಂದೇ. ಅಣ್ಣ ಎರಡು ಸ್ವೆಟರು, ಮೇಲೊಂದು ಜಾಕೆಟ್ಟು, ಕುತ್ತಿಗೆಗೆ ಹೆಬ್ಬಾವಿನಷ್ಟು ದಪ್ಪದ ಮಫ್ಲರು ಸುತ್ತಿಕೊಂಡು, ಕೈ ಎತ್ತಿ ಬೈಯಲೂ ಆಗದೆ ಗೊಂಬೆಯಂತೆ ನಿಂತಿದ್ದ. ನಾನು ಹೊದ್ದಿದ್ದು ನನ್ನ ಹೆಂಡತಿಯ ಶಾಲು. ಅದು ಬರೀ ಫ್ಯಾಷನ್ನಿಗೆ. ಅವಳು ಮೂವರನ್ನೂ ಒಬ್ಬೊಬ್ಬರನ್ನಾಗಿ ಮೇಲಿಂದ ಕೆಳಗೆ ನೋಡಿದಳು. "ಇಷ್ಟು ಬಟ್ಟೆಯೊಳಗಿಂದ ಬರೀ ಮೈ ನಾಯಿಗೆ ಬುದ್ಧಿ ಹೇಳ್ತಿದೀರಲ್ಲ, ನಿಮಗೆ ಸೆಕೆಯಾಗಲ್ವಾ?"

ಮಾತಿನಲ್ಲಿ ಗೆದ್ದಳು ನಿಜ. ಹೊಲಿಗೆಯಲ್ಲಿ ಸೋತಳು. ಕೈ ಬಾಯಷ್ಟು ಚುರುಕಾಗಿರಲಿಲ್ಲ ಎಂದಲ್ಲ. ಕೈಗೆ ಗೊತ್ತಿದ್ದುದು ಸೀಟೊಂದೇ. ಸ್ಟೆಪ್ನಿ ನಿದ್ದೆಯಲ್ಲಿದ್ದಾಗ ಉದ್ದಗಲ ಅಳೆದು, ಒಳಗೆ ತೆಳು ಸ್ಪಂಜು, ಮೇಲೆ ಕಪ್ಪು ರೆಕ್ಸಿನ್ನು, ಸುತ್ತ ಎಲಾಸ್ಟಿಕ್ಕು, ಬೆನ್ನ ಮೇಲೆ ಎರಡು ಸಾಲು ಚೌಕುಳಿ ಹೊಲಿಗೆ ಹಾಕಿ, ಮುಂದೆ ತಲೆಗೊಂದು ತೂತು ಬಿಟ್ಟು ಎಳೆದು ಕೂರಿಸಿದಳು. ಏನು ಫಿಟ್ಟಿಂಗು! ಒಂದು ಸುಕ್ಕಿಲ್ಲ. ಸ್ಟೆಪ್ನಿ ನಾಲ್ಕು ಕಾಲೂರಿ ನಿಂತಿತು. ನಿಂತೇ ಇತ್ತು. ಕರೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ, ಕಣ್ಣುಗುಡ್ಡೆ ಮಾತ್ರ ಅತ್ತ ಇತ್ತ ಹೊರಳುತ್ತಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಅದರ ಬೆನ್ನಿಗೆ ಹೆಲ್ಮೆಟ್ಟು ಸಿಕ್ಕಿಸಿ ಬೇಕರಿಗೆ ಹೋದ ಎಂದು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

"ಕಿಕ್ ಹೊಡಿಯೇ, ಸ್ಟಾರ್ಟ್ ಆಗ್ಲಿ!" ಅಣ್ಣ ಗಲ್ಲಾಪೆಟ್ಟಿಗೆ ತಟ್ಟಿ ನಕ್ಕ.

"ಚೋಕ್ ಎಳೀಬೇಕು, ಚಳಿ ಅಲ್ವಾ," ಎಂದೆ ನಾನು. ಸುಮ್ಮನಿರಲಾಗಲಿಲ್ಲ.

"ನಗಿ, ನಗಿ," ಎಂದಳು ಸೀಟಕ್ಕ, ಕವರನ್ನು ಬಿಚ್ಚುತ್ತ. "ನಕ್ಕು ಮುಗಿಸೋದ್ರೊಳಗೆ ಇನ್ನೊಂದು ಹೊಲಿದಿರ್ತೀನಿ."

ನಗುವನ್ನು ನಾವು ಸಾಕಷ್ಟು ಎಳೆದೆವು, ಆದರೂ ಅವಳೇ ಮೊದಲು ಮುಗಿಸಿದಳು. ಹೇಗೆ ಮುಗಿಸಿದಳು ಅನ್ನುವುದು ನೋಡುವಂತಿತ್ತು. ಬಾಗಿಲು ಹಾಕಿಕೊಳ್ಳುವ ಗೋಜಿಗೇ ಹೋಗದೆ ಸೀರೆಯ ಸೆರಗು ಸಿಕ್ಕಿಸಿ, ಅಂಗಡಿಯ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತು, ಸ್ಟೆಪ್ನಿಯ ಜೊತೆಗೇ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಅದು ಮುಂಗಾಲು ಚಾಚಿದಾಗ ಭುಜ ಎಲ್ಲಿಗೆ ಬರುತ್ತದೆ, ಮೂಸುವಾಗ ಕುತ್ತಿಗೆ ಎಷ್ಟು ಬಗ್ಗುತ್ತದೆ ಎಂದು ತಾನೂ ಹಾಗೇ ಮಾಡಿ, ಅದರ ಮೈಮೇಲೆ ಚಾಕ್‌ಪೀಸಿನ ಗುರುತು ಹಾಕಿದಳು. ಬೀದಿಯಲ್ಲಿ ಜನ ನಿಂತರು. ಅಣ್ಣ ತಲೆ ಮೇಲೆ ಕೈ ಹೊತ್ತು, "ಏಳೇ ಮೇಲೆ! ಮಾನ ಹೋಗ್ತಿದೆ," ಎಂದ.

"ಮಾನ ಹೋಗೋದು ನಿಂತು ನೋಡೋರದ್ದು," ನೆಲದಿಂದಲೇ ಉತ್ತರ ಬಂತು. "ಅಲ್ಲಣ್ಣಾ, ಹಿಂದುಗಡೆ ಪೂರ್ತಿ ಮುಚ್ಚಿಬಿಟ್ಟಿದ್ದೆನಲ್ಲ! ಹೊರಗೆ ಹೋಗೋದೇ ಯಾತಕ್ಕೆ, ಅದಕ್ಕೇ ದಾರಿ ಬಿಟ್ಟಿರ್ಲಿಲ್ಲ. ಸ್ಕೂಟರಿಗೆ ಆ ತಾಪತ್ರಯ ಇಲ್ಲ ನೋಡು."

ಎರಡನೆಯದಕ್ಕೆ ರೆಕ್ಸಿನ್ನು ಮುಟ್ಟಲಿಲ್ಲ. ಚಳಿಗೆ ಅದು ಸೆಟೆದು ಕರಕರ ಸದ್ದು ಮಾಡುತ್ತದೆ, ನಾಯಿ ಬೆದರುತ್ತದೆ. ಮೇಲೆ ರೇನ್‌ಕೋಟಿನ ಬಟ್ಟೆ, ಒಳಗೆ ಹಳೇ ಕಂಬಳಿ. ಭುಜಕ್ಕೆ ಸಡಿಲ, ಕಾಲಿಗೆ ಏನೂ ಇಲ್ಲ, ಎದೆಯ ಕೆಳಗೆ ಅಗಲವಾದ ಪಟ್ಟಿ, ಅದಕ್ಕೊಂದು ಬಕಲ್ಲು, ಹಿಂದೆ ಬೇಕಾದಷ್ಟು ದಾರಿ. ಹೊಲಿದ ಕೂಡಲೇ ಹಾಕಲೂ ಇಲ್ಲ. ಮೊದಲು ಅದರ ಹಾಸಿಗೆಯ ಮೇಲೆ ಬಿಟ್ಟಳು. ಸ್ಟೆಪ್ನಿ ಮೂಸಿತು, ಮೇಲೆ ಮಲಗಿತು, ತನ್ನದೇ ಎಂದುಕೊಂಡಿತು. ಆಮೇಲೆ ಹಾಕಿದಳು.

ಮಾರನೆಯ ಬೆಳಗ್ಗೆ ಮಳೆ ಎಂಥದ್ದು ಅಂದರೆ, ಹನಿಗಳಿಗೆ ಬೀಳಲು ಜಾಗ ಸಾಲದೆ ಸರದಿಯಲ್ಲಿ ನಿಂತಿದ್ದವು. ಸೀಟಕ್ಕ ಕೊಡೆ ಬಿಚ್ಚಿದಳು. ಸ್ಟೆಪ್ನಿ ಹೊಸ್ತಿಲಲ್ಲಿ ಒಂದು ಕಾಲಿಟ್ಟಿತು, ಯೋಚಿಸಿತು, ಇನ್ನೊಂದಿಟ್ಟಿತು. ಅಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಬಾಗಿಲಿಗೆ ಬಂದ. ಬೇಕರಿಯ ಮುಂದಿನ ಕಂಬದವರೆಗೂ ಹೋಗಿ, ಮೂಸಿ, ಸಾವಕಾಶವಾಗಿ ಕಾಲೆತ್ತಿ, ಇಡೀ ಓಣಿಯ ಎದುರಿಗೆ ಸ್ಟೆಪ್ನಿ ತನ್ನ ಕೆಲಸ ಮುಗಿಸಿತು. ಅಷ್ಟು ಹೊತ್ತು ಉಸಿರು ಹಿಡಿದದ್ದಕ್ಕೆ ನಮಗೇ ನಡುಕ ಬಂತು. ಮನೆಗೆ ಬಂದದ್ದೇ ಸೀಟಕ್ಕ ಒದ್ದೆ ಕೋಟನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ಹೊಟ್ಟೆ, ಕಾಲು ಒರೆಸಿದಳು. ಬೆನ್ನು ಒರೆಸುವ ಕೆಲಸವಿರಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬೇಕರಿಯವರಿಗೂ ಒಂದು ನಾಯಿ ಇದೆ. ಅದನ್ನು ನಾಯಿ ಅನ್ನುವುದಕ್ಕಿಂತ ನಾಲ್ಕು ಕಾಲಿನ ಹತ್ತಿ ಹಾಸಿಗೆ ಎನ್ನಬಹುದು. ಒಮ್ಮೆ ಅದರ ಕೂದಲಲ್ಲಿ ಬಾಚಣಿಗೆ ಕಳೆದು, ಹುಡುಕಲು ಕಳಿಸಿದ ಇನ್ನೊಂದು ಬಾಚಣಿಗೆಯೂ ವಾಪಸು ಬರಲಿಲ್ಲ. ಕೆಲವು ದಿನ ಕಳೆದು ಅವರು ಅದನ್ನು ಎಳೆದುಕೊಂಡು ಬಂದರು. ಹೊರಗೆ ಅದೇ ಮಳೆ.

"ಸೀಟಕ್ಕಾ, ನಮ್ಮವನಿಗೂ ಒಂದು ಕೋಟು. ಕೆಂಪು ಬಣ್ಣ, ಬೇಕರಿ ಹೆಸರು ದೊಡ್ಡದಾಗಿ ಇರಲಿ. ನಮ್ಮ ವ್ಯಾನುಗಳ ಸೀಟೆಲ್ಲ ಇನ್ನು ಇಲ್ಲೇ ಹಾಕಿಸ್ತೀನಿ."

ಅಣ್ಣ ಕುರ್ಚಿ ಎಳೆದು ಹಾಕಿದ, ಧೂಳಿಲ್ಲದಿದ್ದರೂ ಒರೆಸಿದ. ಸೀಟಕ್ಕ ಎದ್ದು ಬಂದು ಆ ನಾಯಿಯ ಮೈಯೊಳಗೆ ಕೈ ತೂರಿಸಿದಳು. ಬೆರಳು ಹೋಯಿತು, ಮಣಿಕಟ್ಟು ಹೋಯಿತು. ಮೇಲಿನ ಕೂದಲು ಒದ್ದೆ, ಒಳಗೆ ಒಲೆಯ ಪಕ್ಕದಂತೆ ಬೆಚ್ಚಗೆ, ಒಣಗಿ ಇತ್ತು.

"ಇದಕ್ಕೆ ಬೇಡ. ಇದು ಚಳಿಗೇ ಹುಟ್ಟಿದ ಜೀವ. ಮೇಲೊಂದು ಹೊದಿಸಿದ್ರೆ ಬೆಂದು ಹೋಗತ್ತೆ."

"ಅದು ಹೇಗಮ್ಮಾ? ನಿನ್ನದಕ್ಕೆ ಬೇಕು, ನಮ್ಮದಕ್ಕೆ ಬೇಡ್ವಾ? ನೋಡಿದೋರು ಏನಂತಾರೆ, ಸೀಟಂಗಡಿ ನಾಯಿ ಕೋಟಲ್ಲಿ, ಬೇಕರಿ ನಾಯಿ ಬೆತ್ತಲೆ!"

"ಹಾಗಾದ್ರೆ ಚಳಿ ನಿಮಗೆ ಬೇಕರಿ ಮಾವ, ನಾಯಿಗಲ್ಲ."

ಬೇಕರಿಯವರು ಧುಮುಗುಡುತ್ತ ನಾಯಿಯನ್ನು ಎಳೆದುಕೊಂಡು ಹೋದರು. ಅವರು ಬೇಕರಿಯೊಳಗೆ ಹೋಗುವವರೆಗೂ ಅಣ್ಣ ನಗುಮುಖ ಇಟ್ಟುಕೊಂಡಿದ್ದ. ಆಮೇಲೆ ಆ ಮುಖ ಕಳಚಿ ಬಿತ್ತು.

"ಊರಿಗೆಲ್ಲ ಎದುರು ನಿಂತು ನಾಯಿಗೆ ಕೋಟು ಬೇಕು ಅಂದೋಳು ನೀನು! ಈಗ ಬಾಗಿಲಿಗೆ ಬಂದ ಗಿರಾಕಿಗೆ ಬೇಡ ಅಂತೀಯಾ?"

"ಬೇಕಾದ ನಾಯಿಗೆ ಬೇಕು ಅಂದೆ. ಎಲ್ಲಾ ನಾಯಿಗೂ ಅಂತ ಯಾವತ್ತು ಅಂದೆ?" ಎಂದು ಮತ್ತೆ ಮಷೀನು ತುಳಿಯತೊಡಗಿದಳು.

"ನಂಗೆ ಅದೆಲ್ಲ ಬೇಡ. ಓಡಿಹೋಗಿ ಅವರನ್ನ ಕರ್ಕೊಂಡು ಬಾ, ಹೊಲೀತೀನಿ ಅನ್ನು. ಇಲ್ಲಾಂದ್ರೆ ನಿನ್ನ ಸ್ಟೆಪ್ನಿ ಇವತ್ತೇ ಡಿಪೋಗೆ!"

ಮಷೀನು ನಿಂತಿತು. ಸ್ಟೆಪ್ನಿ ಕಣ್ಣು ತೆರೆಯಿತು. ನಾನು ಕೈಯಲ್ಲಿದ್ದ ಬೀಗವನ್ನು ಮೆಲ್ಲಗೆ ಕೆಳಗಿಟ್ಟೆ. ಅವಳಿಗೆ ಆ ನಾಯಿ ಏನು ಅನ್ನುವುದು ನಮ್ಮೆಲ್ಲರಿಗೂ ಗೊತ್ತಿತ್ತು. ಅವಳು ಎದ್ದು ಬೇಕರಿಯ ಕಡೆ ನಡೆಯುತ್ತಾಳೆ, ಬೇರೆ ದಾರಿಯಿಲ್ಲ ಎಂದುಕೊಂಡೆ.

"ಆ ಮೂಕಜೀವದ ಮೇಲೆ ಬೇಡದ ಭಾರ ಹೊಲಿದು, ಇದನ್ನ ಉಳಿಸ್ಕೋಬೇಕಾ?" ಎಂದಳು. "ಹೊಲಿಯಲ್ಲ. ಹಗ್ಗ ಅಲ್ಲೇ ಇದೆ, ಕರ್ಕೊಂಡು ಹೋಗು. ಇದು ಎಲ್ಲಿರತ್ತೋ ನಾಳೆಯಿಂದ ನಾನೂ ಅಲ್ಲೇ ಕೂತು ಹೊಲೀತೀನಿ. ಗಿರಾಕಿಗಳಿಗೆ ದಾರಿ ಹೇಳಿ ಕಳಿಸು."

ಅಣ್ಣನಿಗೆ ಸೂಜಿಯ ಯಾವ ತುದಿಗೆ ದಾರ ಪೋಣಿಸುತ್ತಾರೆ ಅನ್ನುವುದೂ ಖಾತ್ರಿಯಿರಲಿಲ್ಲ. ಆದರೆ ಆಡಿದ ಮಾತು ಬೀದಿಯಲ್ಲಿ ಬಿದ್ದಿತ್ತು, ನಾವೆಲ್ಲ ಕೇಳಿದ್ದೆವು. ಹಗ್ಗ ಹಿಡಿದು, ಮಫ್ಲರು ಕೊಡವಿ, ಸ್ಟೆಪ್ನಿಯನ್ನು ಎಳೆದ. ಸ್ಟೆಪ್ನಿ ಬಾಲ ಆಡಿಸಿಕೊಂಡು ಹೊಸ್ತಿಲವರೆಗೆ ಬಂತು. ಮಳೆ ನೋಡಿತು. ಹಿಂದಿರುಗಿ ಹೋಗಿ, ಕೋಟು ನೇತುಹಾಕಿದ್ದ ಮೊಳೆಯ ಕೆಳಗೆ ಕೂತುಬಿಟ್ಟಿತು. ಎಳೆದ, ಜಾರಿತು. ಬೈದ, ಆಕಳಿಸಿತು. ಕೊನೆಗೆ ಅಣ್ಣ ಕೋಟು ಇಳಿಸಿ, ಹಿಂದುಮುಂದು ತಿಳಿಯದೆ ಎರಡು ಸಲ ತಿರುಗಿಸಿ, ಗೋಡೆಗೆ ಹೇಳಿದ ಹಾಗೆ ಕೇಳಿದ: "ಇದರ ಬಕಲ್ಲು ಯಾವ ಕಡೆ?"

"ಎಡಕ್ಕೆ," ಎಂದಳು ಅವಳು.

ಕೊಡೆ ಮರೆತು ಹೋದ. ನಾಯಿ ಮುಂದೆ, ಅವನು ಹಿಂದೆ. ಕಂಬದ ಹತ್ತಿರ ನಿಂತರು, ಮೂಲೆಯಲ್ಲಿ ನಿಂತರು, ಮಳೆಯಲ್ಲಿ ಮರೆಯಾದರು. ಸೀಟಕ್ಕ ಪೆಡಲ್ಲಿನ ಮೇಲೆ ಕಾಲಿಟ್ಟು ಕೂತಿದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನಾನು ಮಾತಾಡಿಸಲು ಹೋಗಲಿಲ್ಲ. ತೆರೆಯಬಾರದ ಬೀಗ ಯಾವುದು ಅನ್ನುವಷ್ಟು ಕಸುಬು ನನಗೂ ಗೊತ್ತು.

ಬಹಳ ಹೊತ್ತಿನ ಮೇಲೆ ಮಳೆಯೊಳಗಿಂದ ಮೊದಲು ಬೆಳ್ಳನೆಯ ಮೂತಿ ಬಂತು. ಹಿಂದೆ ಅಣ್ಣ ಬಂದ. ಸ್ವೆಟರು ಎರಡೂ ನೀರು ಕುಡಿದು ಮೊಣಕಾಲಿಗಿಳಿದಿದ್ದವು, ಮಫ್ಲರಿನಿಂದ ನಲ್ಲಿ ಬಿಟ್ಟ ಹಾಗೆ ನೀರು, ಹಲ್ಲುಗಳು ಒಂದಕ್ಕೊಂದು ಬೈದಾಡುತ್ತಿದ್ದವು. ಸೀಟಕ್ಕ ಎದ್ದು ಸ್ಟೆಪ್ನಿಯ ಕೋಟಿನ ಕೆಳಗೆ ಕೈ ಹಾಕಿ ನೋಡಿದಳು.

"ಡಿಪೋ ದೂರ," ಎಂದ ಅಣ್ಣ, ಮುಖ ತಪ್ಪಿಸಿ. "ನಾಯಿ ಇಲ್ಲೇ ಇರಲಿ. ನೀನೂ ಇರು." ಎಂದು ಹೊಸ್ತಿಲು ದಾಟಲು ಕಾಲೆತ್ತಿದ.

ಸೀಟಕ್ಕ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಅದು ಒಣಗೇ ಇದೆ, ಒಳಗೆ ಬರಲಿ. ನೀನು ಅಲ್ಲೇ ನಿಂತು ಮೈ ಕೊಡವಿ ಬಾ."