ತೆಳುಗಾಳಿಯ ಲೆಕ್ಕ

ಹಲಸೂರಿನ ನಮ್ಮ ಮನೆಯಿಂದ ಮೆಟ್ರೋ ಹಿಡಿದು ಪೂರ್ವಕ್ಕೆ ಹೋದರೆ ನನ್ನ ಕಚೇರಿ. ರೇಡಾರ್‌ಗೆ ಲೆಕ್ಕ ಬರೆದುಕೊಡುವುದು ನಮ್ಮ ಕೆಲಸ. ಗಡಿಯಾಚೆಯ ಫಿರಂಗಿಯಿಂದ ಹಾರಿದ ಶೆಲ್ಲಿನ ದಾರಿಯಲ್ಲಿ ಒಂದು ತುಣುಕು ಮಾತ್ರ ರೇಡಾರಿಗೆ ಕಾಣುತ್ತದೆ. ಅಷ್ಟರಿಂದಲೇ ಅದು ಎಲ್ಲಿಂದ ಹೊರಟಿತು, ಎಲ್ಲಿ ಬೀಳುತ್ತದೆ ಎಂದು ಹೇಳಿ, ಅಲ್ಲಿರುವವರನ್ನು ಎಚ್ಚರಿಸಬೇಕು. ಗುರುತ್ವದ ಲೆಕ್ಕ ಸುಲಭ. ಗಾಳಿಯದೇ ಕಷ್ಟ. ಬೆಟ್ಟದ ಮೇಲಿನ ತೆಳುಗಾಳಿಯಲ್ಲಿ ಶೆಲ್ಲು ನಾವಂದುಕೊಂಡದ್ದಕ್ಕಿಂತ ದೂರ ಹೋಗಿಬಿಡುತ್ತದೆ.

ಪಕ್ಕದ ಮೇಜಿನವರು ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆಗಿದ್ದರು. ನನಗಿಂತ ಚಿಕ್ಕವರು, ಅಕ್ಕಾರ ಎನ್ನುತ್ತಿದ್ದರು. ಅವರ ತಮ್ಮ ಸೈನಿಕ. ಗಡಿಯಲ್ಲಿ ಚಕಮಕಿ ಹೆಚ್ಚಿದ್ದ ದಿನಗಳಲ್ಲಿ, ಕಾವಲು ಠಾಣೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಶೆಲ್ಲು ಬಿದ್ದು ಅವನು ತೀರಿಕೊಂಡ. ಊರಲ್ಲಿ ಕರ್ಮಾಂತರ ಮುಗಿಸಿಕೊಂಡು ಇವರು ಕೆಲಸಕ್ಕೆ ಮರಳಿದರು. ನಾವ್ಯಾರೂ ಹೆಚ್ಚು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ, ತೆಳುಗಾಳಿಗೆಂದು ನಾವು ತಿದ್ದಿದ ಲೆಕ್ಕವನ್ನು ಪರೀಕ್ಷಿಸಲು ಗಡಿಯ ಹಳೆಯ ರೇಡಾರ್ ದಾಖಲೆಗಳು ಬಂದವು. ಒಂದರ ತಾರೀಖು, ಜಾಗ ನೋಡಿ ಅವರ ಕೈ ನಿಂತಿತು. ನನಗೂ ಅರ್ಥವಾಯಿತು. ಅದನ್ನು ನನಗೆ ಬಿಡಿ ಎಂದೆ.

"ಬ್ಯಾಡ್ರಿ ಅಕ್ಕಾರ. ಇದು ನಾನೇ ನೋಡ್ತೀನಿ."

ಹಳೆಯ ಲೆಕ್ಕದ ಪ್ರಕಾರ ಶೆಲ್ಲು ಠಾಣೆಯ ಕೆಳಗಿನ ಬೋಳು ಇಳಿಜಾರಿನಲ್ಲಿ ಬೀಳಬೇಕಿತ್ತು. ಅಲ್ಲಿ ಯಾರೂ ಇರದ ಕಾರಣ ಠಾಣೆಗೆ ಎಚ್ಚರಿಕೆಯೇ ಹೋಗಿರಲಿಲ್ಲ. ಹೊಸ ಲೆಕ್ಕ ನೇರ ಅಂಗಳವನ್ನೇ ತೋರಿಸಿತು. ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಇದು ಆವಾಗ ಇದ್ದಿದ್ರ, ಅವ ಬಂಕರಿಗೆ ಓಡಾಕ ಆಗ್ತಿತ್ತೇನ್ರಿ?"

ಬಂಕರು ಅಂಗಳದ ಪಕ್ಕದಲ್ಲೇ ಇದೆ ಎಂದು ಆ ತಮ್ಮ ಫೋನು ಮಾಡಿದಾಗ ಹೇಳಿದ್ದನ್ನು ಇವರೇ ಹಿಂದೊಮ್ಮೆ ನನಗೆ ಹೇಳಿದ್ದರು. ಇಲ್ಲ ಅಂದುಬಿಡಬಹುದಿತ್ತು. ಆದರೆ ಶೆಲ್ಲು ಬೀಳಲು ಉಳಿದಿದ್ದ ಸಮಯ ಪರದೆಯ ಮೇಲೆಯೇ ಇತ್ತು.

"ಆಗ್ತಿತ್ತು," ಎಂದೆ.

ಅವರು ತಲೆಯಾಡಿಸಿ ಮುಂದಿನ ದಾಖಲೆ ತೆರೆದರು.

ಮುಂದಿನ ವಾರದ ಸಭೆಯಲ್ಲಿ ನಮ್ಮ ಹಿರಿಯ ಅಧಿಕಾರಿಗಳು ಅದೇ ದಾಖಲೆಯ ಚಿತ್ರ ತೋರಿಸಿ ಹೊಸ ಲೆಕ್ಕವನ್ನು ಹೊಗಳಿದರು. ಅದು ಯಾವ ಶೆಲ್ಲು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ನಿಂತು, ಗಾಳಿಯ ಸಾಂದ್ರತೆಯ ಬಗ್ಗೆ ಬಂದ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರಿಸಿದರು.

ಸಂಜೆ ಮೆಟ್ರೋ ನಿಲ್ದಾಣದ ತನಕ ಜೊತೆಯಲ್ಲಿ ನಡೆದೆವು. ಫೋನು ಮಾಡಿದಾಗಲೆಲ್ಲ ಅವರ ಅವ್ವ, ಅವನ ಹಣೆಬರಹವೇ ಅಷ್ಟಿತ್ತೇನೋ ಎಂದು ಕೇಳುತ್ತಾಳಂತೆ. ಇಷ್ಟು ದಿನ ಹೌದು ಅನ್ನುತ್ತಿದ್ದೆ, ಇನ್ನು ಮೇಲೂ ಹಾಗೇ ಅನ್ನಬೇಕು ಎಂದರು.

ಹೊಸ ಲೆಕ್ಕ ಈಗ ಗಡಿಯಲ್ಲಿ ಬಳಕೆಯಲ್ಲಿದೆ. ಅವರು ಬೇರೆ ವಿಭಾಗ ಕೇಳಿಕೊಂಡು ಹೋದರು. ಕ್ಯಾಂಟೀನಿನಲ್ಲಿ ಎದುರಾದರೆ ಊಟ ಆಯ್ತೇನ್ರಿ ಎನ್ನುತ್ತಾರೆ. ಆಯ್ತು ಎನ್ನುತ್ತೇನೆ. ತಟ್ಟೆ ಹಿಡಿದು ಬೇರೆ ಬೇರೆ ಮೇಜಿಗೆ ಹೋಗುತ್ತೇವೆ.