ಬಿತ್ತನೆ ತೆನೆಗೂ ಒಂದು ಕೋಣೆ

ಬೆಳಕು ಹರಿಯುವ ಮುಂಚೆಯೇ ಗಿರಣಿ ಮುಂದೆ ಹೆಂಗಸರ ಸಾಲು. ಬಕೆಟ್ಟುಗಳ ತುಂಬ ರೊಟ್ಟಿಯ ಹಿಟ್ಟಿಗೆಂದು ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳ. ಹೊರಗೆ ಬಿಟ್ಟೂ ಬಿಡದ ಮಳೆ. ನಡುವೆ ನಿಂತ ಒತಿಲಿಯಾ ಗಂಟಲು ಸರಿಮಾಡಿಕೊಂಡು ಓದುತ್ತಾಳೆ: “ಗುಡ್ಡ ಕುಸಿಯುವ ಅಪಾಯವಿದೆ. ಎಲ್ಲರೂ ತಕ್ಷಣ ಮನೆ ಬಿಟ್ಟು ಶಾಲೆಗೆ ಬನ್ನಿ.”

“ನಮಸ್ಕಾರ ಇಲ್ಲ, ಏನಿಲ್ಲ! ಯಾರಮ್ಮ ಇದು, ಪೊಲೀಸಾ?” ಒಬ್ಬಾಕೆ ಕೇಳುತ್ತಾಳೆ. ಸಾಲು ಗೊಳ್ಳೆಂದು ನಗುತ್ತದೆ.

ಪುವೆಬ್ಲಾದ ಈ ಬೆಟ್ಟಸೀಮೆಯಲ್ಲಿ ಸರ್ಕಾರದ ಸ್ಪ್ಯಾನಿಷ್ ಮಾತನ್ನು ಊರವರ ಮನೆಮಾತಾದ ನಾವಾತ್ಲ್‌ಗೆ ತಂದು ಊರ ರೇಡಿಯೊದಲ್ಲಿ ಹೇಳುವವಳು ಒತಿಲಿಯಾ. ಸ್ಪ್ಯಾನಿಷ್ ಕಲಿತದ್ದು ಪಟ್ಟಣದ ಮನೆಯೊಂದರಲ್ಲಿ ಪಾತ್ರೆ ತಿಕ್ಕುತ್ತಾ. “ಬೈಗುಳ ಬೇಗ ಅರ್ಥ ಆಗ್ತದೆ ನೋಡಿ, ಅಲ್ಲಿಂದಲೇ ಶುರು,” ಎನ್ನುತ್ತಾಳೆ. ಲಸಿಕೆಯ ಮಾತಿರಲಿ, ಕುಡಿಯುವ ನೀರಿನದಿರಲಿ, ಗಿರಣಿ ಸಾಲು ಒಪ್ಪದೆ ಮೈಕಿಗೆ ಹೋಗುವಂತಿಲ್ಲ. ಅದು ಅವಳೇ ಹಾಕಿಕೊಂಡ ಕಟ್ಟು. ಇಂಥವರ ಹೆಸರು ಯಾವ ಪ್ರಶಸ್ತಿ ಸಮಾರಂಭದಲ್ಲೂ ಕೇಳಿಸುವುದಿಲ್ಲ, ಬಿಡಿ.

ಇವತ್ತು ಮಾತ್ರ ನಗುವ ಹೊತ್ತಲ್ಲ. ಗುಡ್ಡಕ್ಕೆ ಅಂಟಿಕೊಂಡ ಮೊದಲ ಮನೆಯೇ ಅವಳನ್ನು ಸಾಕಿದ ಚಿಕ್ಕಮ್ಮ ಹೆರ್ಮೆಲಿಂಡಾಳದು. ಆಕೆ ಬಕೆಟ್ ಕೆಳಗಿಟ್ಟು ದಬಾಯಿಸುತ್ತಾಳೆ: “ಒಲೆ ಮೇಲೆ ಹೊಗೆಗೆ ಕಟ್ಟಿದ ಬಿತ್ತನೆ ತೆನೆ ಏನಾಗ್ಬೇಕು? ಅದನ್ನ ಬಿಟ್ಟು ನಾನು ಬರೋಳಲ್ಲ. ನೀನು ಅತ್ತು ಕರೆದ್ರೂ ಅಷ್ಟೇ.”

ಸಾಲು ಈಗ ನಗುವುದಿಲ್ಲ. ಯಾರ ಮನೆಯಲ್ಲಿಲ್ಲ ಆ ತೆನೆ?

ಒತಿಲಿಯಾ ಶಾಲು ತಲೆಗೆಳೆದುಕೊಂಡು ಪಂಚಾಯಿತಿ ಕಚೇರಿಗೆ ಓಡುತ್ತಾಳೆ. “ಶಾಲೇಲಿ ತೆನೆಗೊಂದು ಒಣ ಕೋಣೆ ಬೇಕು ಸಾರ್.”

“ತೆನೆಗೆ ಕೋಣೆಯಾ? ಮೇಲಿಂದ ಹಾಗೆ ಹೇಳೇ ಇಲ್ಲವಲ್ಲಮ್ಮ!” ಅಧಿಕಾರಿ ಎವೆರಾರ್ದೊ ತಲೆ ಚಚ್ಚಿಕೊಳ್ಳುತ್ತಾರೆ.

“ಹೇಳಿಲ್ಲ, ಅದಕ್ಕೇ ಬಂದೆ. ಕೋಣೆ ಇಲ್ದೆ ‘ಇದೆ’ ಅಂತ ಮೈಕಲ್ಲಿ ಸುಳ್ಳು ಹೇಳೋಳಲ್ಲ ನಾನು.”

ಅವರು ಹೊರಗಿನ ಮಳೆ ನೋಡಿ, ಶಾಲೆಯ ಕೋಣೆಯೊಂದರ ಬೀಗದ ಕೈ ಅವಳ ಅಂಗೈಗೆ ಹಾಕುತ್ತಾರೆ.

ಗಿರಣಿ ಸಾಲು ಹೂಂ ಅಂದ ಮೇಲೆ, ರೇಡಿಯೊದಲ್ಲಿ ಅವಳು ಮೊದಲು ಹಿರಿಯರಿಗೆಲ್ಲ ನಮಸ್ಕಾರ ಹೇಳುತ್ತಾಳೆ. ಆಮೇಲೆ: “ಗುಡ್ಡ ಕುಸೀಬಹುದು. ತೆನೆ ತನ್ನಿ, ಶಾಲೇಲಿ ಒಣ ಕೋಣೆ ಇದೆ, ಬೀಗದ ಕೈ ನನ್ನ ಹತ್ರಾನೇ ಇದೆ. ಟರ್ಕಿ ಕೋಳಿಗೂ ಜಗಲೀಲಿ ಜಾಗ ಇದೆ. ದಮ್ಮಯ್ಯ, ಬನ್ನಿ.”

ಮಧ್ಯಾಹ್ನದ ಹೊತ್ತಿಗೆ ದಾರಿ ತುಂಬ ಜನ. ಎಲ್ಲರ ಹಿಂದೆ, ಹಣೆಗೆ ಬಿಗಿದ ಪಟ್ಟಿಯಿಂದ ಬೆನ್ನ ಮೇಲೆ ತೆನೆಯ ಹೊರೆ ತೂಗಿಸಿಕೊಂಡ ಹೆರ್ಮೆಲಿಂಡಾ. ಸಂಜೆ ಗುಡ್ಡ ಜಾರುತ್ತದೆ; ಅವಳ ಅಡುಗೆಮನೆ ಮಣ್ಣಿನಡಿ ಸೇರುತ್ತದೆ. ಒಳಗೆ ಯಾರೂ ಇಲ್ಲ.

ಶಾಲೆಯ ಜಗಲಿಯಲ್ಲಿ ಒತಿಲಿಯಾ ಚಿಕ್ಕಮ್ಮನನ್ನು ತಬ್ಬಿಕೊಂಡು ಅಳುತ್ತಾಳೆ. ಮುದುಕಿ ಅವಳ ಬೆನ್ನು ತಟ್ಟುತ್ತಾಳೆ, ಜಂಬ ಮಾತ್ರ ಬಿಡುವುದಿಲ್ಲ. “ರೇಡಿಯೊ ಮಾತು ಕೇಳಿ ಬಂದೆ ಅಂದ್ಕೋಬೇಡ. ಅಲ್ಲಿ ಬಂದಿದ್ದು ನನ್ ಮಾತೇ ಅಲ್ವೇನೇ?”

“ಹೂಂ ಚಿಕ್ಕಮ್ಮ, ನಿಂದೇ,” ಒತಿಲಿಯಾ ಕಣ್ಣೊರೆಸಿಕೊಂಡು ನಗುತ್ತಾಳೆ. “ಹಂಗೆ ಅನ್ನಿಸಿದ್ರೆ ನನ್ ಕೆಲಸ ಆಯ್ತು.”